ಬಾಳೆಗೊನೆ ದಪ್ಪ ಮಾಡುವ ಪುಡಿಯವರಿಗೆ ಒಂದು ಅರಿಕೆ

ಜಡಿಗೇನಹಳ್ಳಿ ಹೋಬಳಿ,
೧೯೭೪ರ ಶ್ರಾವಣ

ಮಾನ್ಯ ಪುಡಿಯವರೇ,

ನಮ್ಮ ಬಾಳೆತೋಟಕ್ಕೆ ದಯಮಾಡಿಸಿರುವ ತಮಗೆ, ಮೂರನೇ ಕ್ಲಾಸಿನವರೆಗೆ ಓದಿದ ಅಜ್ಜಿ ಕದಿರಮ್ಮ ಕೈಮುಗಿದು ಬರೆಯುವುದೇನೆಂದರೆ, ಇಲ್ಲಿ ಬಾಳೆ ಕ್ಷೇಮ, ನಾನು ಕ್ಷೇಮವಲ್ಲ.

ತಾವು ಚಿಟಿಕೆಯಷ್ಟು ಬಿದ್ದರೂ ಕಾಯಿ ಉದ್ದವಾಗುತ್ತದೆ, ಗೊನೆ ತೂಗುತ್ತದೆ ಎಂದು ಗ್ರಾಮಸೇವಕರು ಹೊಗಳಿದಾಗ ನಾನೂ ಸಂತೋಷಪಟ್ಟೆ. ಆದರೆ ತಾವು ಬರೀ ನೀರಿಗೆ ಕರಗುವವರಲ್ಲವಂತೆ. ಮೊದಲು ಒಂದು ಚಮಚ ಸ್ಪಿರಿಟ್ಟಿನಲ್ಲಿ ಕರಗಿಸಿ, ಆಮೇಲೆ ಬಿಂದಿಗೆ ನೀರಿಗೆ ಬೆರೆಸಿ ಗೊನೆಗೆ ಹೊಡೆಯಬೇಕಂತೆ. ಸ್ಪಿರಿಟ್ಟಿಗಾಗಿ ಹೊಸಕೋಟೆವರೆಗೆ ಯಾರು ಹೋಗುತ್ತಾರೆ ಎಂದು ನಮ್ಮ ಯಜಮಾನರು ಹತ್ತಿರದ ಸಾರಾಯಿ ಅಂಗಡಿಗೇ ಹೋದರು. ಯುಗಾದಿಯಲ್ಲಿ ಮುತ್ಯಾಲಮ್ಮನ ಮುಂದೆ ಕರ್ಪೂರ ಆರಿಸಿ, ಇನ್ನು ಕುಡಿಯುವುದಿಲ್ಲ ಎಂದು ಆಣೆಯಿಟ್ಟವರು ಇವರೇ. ಅಂದಿನಿಂದ ಹೊತ್ತಿಗೆ ಸರಿಯಾಗಿ ಮನೆಗೆ ಬಂದು, ಬಿಸಿ ಮುದ್ದೆ ಉಂಡು, ಮೊಮ್ಮಕ್ಕಳ ತಲೆ ಸವರಿ ಮಲಗುತ್ತಿದ್ದ ಮನುಷ್ಯನನ್ನು ತಾವು ಕೆಡಿಸಿಬಿಟ್ಟಿರಿ ಸ್ವಾಮಿ.

ಈಗ ಒಂದು ಚಮಚ ತಮಗೆ, ಉಳಿದ ಸೀಸೆ ಅವರಿಗೆ ಮತ್ತು ಪಂಪು ಹಿಡಿಯಲು ಬರುವ ಪಕ್ಕದ ಮನೆ ಬೈಲಪ್ಪನಿಗೆ. ಕೇಳಿದರೆ, "ಲೇ ಇವ್ಳೇ, ಹದ ನೋಡ್ದೆ ಗಿಡಕ್ಕೆ ಹೊಡೆಯಕ್ಕಾಯ್ತದಾ? ಇದು ಬ್ಯಾಸಾಯ ಕಣೇ!" ಎನ್ನುತ್ತಾರೆ. "ಹೂಂ ಕಣಕ್ಕಾ, ಸರ್ಕಾರದೋರೇ ಹೇಳವ್ರೆ," ಎಂದು ಬೈಲಪ್ಪ ಬಾಳೆಗಿಡಕ್ಕೆ ಒರಗಿಕೊಂಡು ಸಾಕ್ಷಿ ಹೇಳುತ್ತಾನೆ. ಗೊನೆ ಪೂರ್ತಿ ಬಿಚ್ಚಿದ ಮೇಲೆ ಹೊಡೆಯಬೇಕಾದ ತಮ್ಮನ್ನು ಗೊನೆಯೇ ಇಲ್ಲದ ಗಿಡಕ್ಕೂ ಹೊಡೆದರು, ನುಗ್ಗೆಮರಕ್ಕೂ ಹೊಡೆದರು, ಮೊನ್ನೆ ಮಲಗಿದ್ದ ಎಮ್ಮೆಗೂ ಹೊಡೆದರು. ಎಮ್ಮೆ ಇನ್ನೂ ಉದ್ದವಾಗಿಲ್ಲ. ತಾವು ಗಮನ ಕೊಡಬೇಕು.

ಆದುದರಿಂದ ತಾವು ದೊಡ್ಡ ಮನಸ್ಸು ಮಾಡಿ ಮಜ್ಜಿಗೆಯಲ್ಲಿ ಕರಗುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಅದು ತಮ್ಮ ಅಂತಸ್ತಿಗೆ ಕಡಿಮೆಯೆನಿಸಿದರೆ ಹುರುಳಿಕಟ್ಟಿನ ಸಾರು ಮಾಡಿಕೊಡುತ್ತೇನೆ, ಒಗ್ಗರಣೆ ಸಮೇತ. ಅದೂ ಬೇಡವೆಂದರೆ, ಬಾಳೆಕಾಯಿಯನ್ನೇ ಉದ್ದ ಮಾಡುವ ತಾವು ನಮ್ಮ ಯಜಮಾನರ ಆಣೆಯನ್ನೂ ಒಂದೆರಡು ವರ್ಷ ಉದ್ದ ಮಾಡಿಕೊಟ್ಟರೆ ಈ ಮುದುಕಿ ತಮಗೆ ದಿನವೂ ಊದುಬತ್ತಿ ಬೆಳಗುತ್ತಾಳೆ.

ತಮ್ಮ ಮೇಲೆ ಅಷ್ಟೋ ಇಷ್ಟೋ ವಿಶ್ವಾಸ ಉಳಿಸಿಕೊಂಡಿರುವ,
ಕದಿರಮ್ಮ

ಬರೆಯಲು ಮರೆತದ್ದು: ತಮ್ಮ ಉತ್ತರಕ್ಕೆ ಕಾಯುವಷ್ಟು ತಾಳ್ಮೆ ನನಗಿಲ್ಲ. ನಿನ್ನೆ ತಮ್ಮ ಚಮಚ ತೆಗೆದಿಟ್ಟು, ಉಳಿದ ಸೀಸೆಗೆ ಹರಳೆಣ್ಣೆ ಸುರಿದು ಕುಲುಕಿಟ್ಟೆ. ಬೆಳಗಿನಿಂದ ಇಬ್ಬರೂ ಚೊಂಬು ಹಿಡಿದು ಬೇಲಿ ಕಡೆಗೆ ಓಡುತ್ತಿದ್ದಾರೆ. ಯಜಮಾನರು ಓಡುತ್ತಲೇ, "ಇನ್ಮ್ಯಾಕೆ ಔಷ್ದಿ ಕಲ್ಸೋದು ನೀನೇ ಮಾಡ್ಕಳೇ!" ಎಂದು ಅಪ್ಪಣೆ ಕೊಟ್ಟರು. ಗಂಡನ ಮಾತು ಮೀರುವ ಹೆಂಗಸೇ ನಾನು?