ಭಾವನಿಗೆ ಒಗ್ಗುವ ಕುರ್ಚಿ

ನಮ್ಮ ಭಾವನಷ್ಟು ದೊಡ್ಡ ಜೂಜುಕೋರ ಈ ಬಹ್ರೈನಿನಲ್ಲಿ ಇನ್ನೊಬ್ಬರಿಲ್ಲ. ಅಕ್ಕನನ್ನು ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಅಂದಿನಿಂದ ಇಂದಿನವರೆಗೆ ಕುದುರೆ ರೇಸಿನ ಹೊರತು ಬೇರೊಂದು ಚಿಂತೆ ಅವರ ತಲೆಗೆ ಹೊಕ್ಕದ್ದನ್ನು ನಾನು ಕಂಡಿಲ್ಲ. ಇಷ್ಟು ವರ್ಷಗಳಲ್ಲಿ ಎಷ್ಟು ಕಟ್ಟಿದರು, ಎಷ್ಟು ಕಳೆದರು ಅಂತ ಕೇಳುತ್ತೀರಾ? ಒಂದು ಪೈಸೆ, ಇಲ್ಲಿನ ಲೆಕ್ಕದಲ್ಲಿ ಒಂದು ಫಿಲ್ಸೂ ಇಲ್ಲ!

ಇದೆಂಥ ಜೂಜುಕೋರ ಎಂದು ನಿಮಗೆ ಅನಿಸಿದರೆ ತಪ್ಪಿಲ್ಲ. ನನಗೂ ಹಾಗೇ ಅನಿಸಿ ಅನಿಸಿ ಸಾಕಾಗಿದೆ. ಮನುಷ್ಯ ಆಡಬೇಕು, ಇಲ್ಲವೇ ಬಿಡಬೇಕು. ಇವರು ಆಡುವುದಿಲ್ಲ, ಬಿಡುವುದೂ ಇಲ್ಲ. ಆಡಲಿಕ್ಕೆ ಕೂರಲು ಒಂದು ಒಳ್ಳೆಯ ಜಾಗ ಹುಡುಕುತ್ತಾ ಇರುತ್ತಾರೆ. ಬಹ್ರೈನಿನಲ್ಲಿ ಬೆಟ್ಟು, ಅಂದರೆ ಬಾಜಿ, ಕಟ್ಟುವುದಕ್ಕೆ ಕಾನೂನು ಬಿಡುವುದಿಲ್ಲವಾದ್ದರಿಂದ ಹುಡುಕಾಟವೆಲ್ಲ ಪರದೇಶದಲ್ಲಿ, ಅದೂ ಫೋನಿನೊಳಗೆ. ಹೊರಗಿನ ದೇಶಗಳ ದೊಡ್ಡ ಕ್ಯಾಸಿನೊಗಳಲ್ಲಿ ಕುದುರೆ ರೇಸಿಗೆಂದೇ ಒಂದು ಹಾಲ್ ಇರುತ್ತದಂತೆ. ಗೋಡೆ ತುಂಬ ಟಿವಿ, ಎದುರಿಗೆ ಸಾಲು ಕುರ್ಚಿ, ಮೂಲೆಯಲ್ಲಿ ದುಡ್ಡು ಕಟ್ಟುವ ಕಿಟಕಿ. ಅದಕ್ಕೆ ರೇಸ್‌ಬುಕ್ ಅಂತ ಹೆಸರು. ಯಾವ ರೇಸ್‌ಬುಕ್ಕಿನಲ್ಲಿ ಕೂತರೆ ಹಾಯಾಗಿರುತ್ತದೆ ಎಂದು ಬರೆದು ಹಾಕುವ ಜನರೂ ಲೋಕದಲ್ಲಿ ಇದ್ದಾರೆ, ಅದನ್ನು ಓದುವ ನಮ್ಮ ಭಾವನೂ ಇದ್ದಾರೆ.

ಭಾವನ ಕಸುಬು ಎ.ಸಿ. ರಿಪೇರಿ. ಹೂರಾದಲ್ಲಿ ಸಣ್ಣ ವರ್ಕ್‌ಶಾಪು, ಜುಫೈರಿನ ಹೋಟೆಲುಗಳಲ್ಲಿ ಕೆಲಸ. ಈ ಊರಿನ ಬೇಸಿಗೆಯಲ್ಲಿ ಎ.ಸಿ. ಮೆಕ್ಯಾನಿಕ್ ಎಂದರೆ ದೇವರಿಗಿಂತ ಒಂದು ಮೆಟ್ಟಿಲು ಮಾತ್ರ ಕೆಳಗೆ. ಆ ಗತ್ತು ಅವರಿಗೆ ಮನೆಯಲ್ಲೂ ಇದೆ. ಉಮ್ ಅಲ್ ಹಸ್ಸಮಿನ ಅವರ ಫ್ಲಾಟಿನ ಒಂದು ಕೋಣೆಯಲ್ಲಿ ನಾನಿರುವುದು, ಅಕ್ಕ ಬಡಿಸಿದ್ದನ್ನು ಉಂಡು ಭಾವನನ್ನು ಆಡಿಕೊಳ್ಳುವುದು ನನ್ನ ಹನ್ನೆರಡು ವರ್ಷಗಳ ಉದ್ಯೋಗ. ಊಟವಾದ ಮೇಲೆ ಅವರು ಫೋನು ಹಿಡಿದು ನನ್ನ ಪಕ್ಕ ಕೂರುತ್ತಾರೆ. ಅಮೆರಿಕದ ಯಾವುದೋ ರೇಸ್‌ಬುಕ್ಕಿನ ಫೋಟೋ ತೋರಿಸುತ್ತಾರೆ. ಚರ್ಮದ ಕುರ್ಚಿ, ಕುರ್ಚಿಗೊಂದು ಟಿವಿ, ಕೈಯಳತೆಯಲ್ಲಿ ತಿಂಡಿ. ಬೇರೆಯವರು ಕುರ್ಚಿ ನೋಡಿದರೆ ಇವರು ಸೀಲಿಂಗ್ ನೋಡುತ್ತಾರೆ!

"ಇಲ್ಲಿ ಕೂತ್ರೆ ಗಾಳಿ ನೇರ ನೆತ್ತಿಗೆ ಬೀಳ್ತದೆ ಮಾರಾಯ. ಮೂರನೇ ರೇಸಿಗೆ ಕುತ್ತಿಗೆ ಹಿಡಿತದೆ" ಅನ್ನುತ್ತಾರೆ. ಅಲ್ಲಿಗೆ ಆ ಕ್ಯಾಸಿನೊ ಮುಗಿಯಿತು.

ಇಂಗ್ಲೆಂಡಿನದಕ್ಕೆ ಕಾಲು ಚಾಚಲು ಜಾಗವಿಲ್ಲ. ಆಸ್ಟ್ರೇಲಿಯಾದ್ದಕ್ಕೆ ಕಕ್ಕಸು ದೂರ. ಮಕಾವಿನಲ್ಲಿ ಎಲ್ಲ ಸರಿಯಿದೆ, ಆದರೆ ಯಾರೋ ಒಬ್ಬ ಅಲ್ಲಿ ಚಹಾ ಕಾಗದದ ಲೋಟದಲ್ಲಿ ಕೊಡುತ್ತಾರೆ ಎಂದು ಬರೆದಿದ್ದಾನೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಭಾವ ಐದು ಖಂಡಗಳ ನೆಲವನ್ನೂ ಡೊಂಕು ಮಾಡಿ ಇಟ್ಟಿದ್ದಾರೆ.

ಒಮ್ಮೆಯಂತೂ ಅಮೆರಿಕದ ಒಂದು ಕ್ಯಾಸಿನೊಗೆ ಪತ್ರವನ್ನೇ ಬರೆದರು. ನಿಮ್ಮ ರೇಸ್ ಹಾಲಿನ ಎಡಗೋಡೆಯ ಎ.ಸಿ. ಜಾಲರಿಯಲ್ಲಿ ಧೂಳು ಕಟ್ಟಿದೆ, ಫೋಟೋದಲ್ಲೇ ಕಾಣುತ್ತದೆ, ತೊಳೆಸಿರಿ ಎಂದು. ಇಂಗ್ಲಿಷಿಗೆ ತಿರುಗಿಸಿದವನು ನಾನೇ, ಮಾನ ಹೋದದ್ದೂ ನನ್ನದೇ! ವಾರದೊಳಗೆ ಉತ್ತರ ಬಂತು. ತಮ್ಮ ಆಸಕ್ತಿಗೆ ವಂದನೆ, ಬನ್ನಿ, ನಿಮ್ಮ ಮೊದಲ ಬೆಟ್ಟು ನಮ್ಮ ಲೆಕ್ಕದಲ್ಲಿ ಎಂದು ಒಂದು ಕೂಪನ್ ಕಳಿಸಿದ್ದರು. ಭಾವನಿಗೆ ಎರಡು ದಿನ ಊಟ ಸೇರಲಿಲ್ಲ. ಜಾಲರಿ ತೊಳೆಯಿರಿ ಅಂದವನಿಗೆ ಜೂಜಾಡು ಅನ್ನುತ್ತಾರಲ್ಲ, ಎಂಥ ಜನ ಎಂದು ಕಂಡವರ ಹತ್ತಿರವೆಲ್ಲ ಹೇಳಿಕೊಂಡು ತಿರುಗಿದರು.

ಇನ್ನು ಕುರ್ಚಿಯ ಪರೀಕ್ಷೆ. ರೇಸಿನ ದಿನ ಏನಿಲ್ಲವೆಂದರೂ ಐದು ಗಂಟೆ ಕೂರಬೇಕು, ಆದ್ದರಿಂದ ಕುರ್ಚಿಯನ್ನು ಐದು ನಿಮಿಷದಲ್ಲಿ ಅಳೆಯಬಾರದು ಎಂಬುದು ಅವರ ಸಿದ್ಧಾಂತ. ಒಂದು ಶನಿವಾರ ಅಕ್ಕನನ್ನೂ ನನ್ನನ್ನೂ ದೊಡ್ಡ ಫರ್ನಿಚರ್ ಅಂಗಡಿಗೆ ಕರೆದುಕೊಂಡು ಹೋಗಿ, ಒರಗು ಕುರ್ಚಿಯೊಂದರಲ್ಲಿ ಕೂತು ಫೋನಿನಲ್ಲಿ ರೇಸು ಹಚ್ಚಿದರು. ಅರ್ಧ ಗಂಟೆಗೆ ಅಂಗಡಿಯ ಮಲಯಾಳಿ ಹುಡುಗಿ ನೀರು ತಂದಳು. ಒಂದು ಗಂಟೆಗೆ ಚಹಾ ತಂದಳು. ಎರಡು ಗಂಟೆಗೆ ಮ್ಯಾನೇಜರನನ್ನೇ ಕರೆತಂದಳು. ಅಕ್ಕ ಅಷ್ಟರಲ್ಲಿ ಪರದೆಗಳ ವಿಭಾಗಕ್ಕೆ ಹೋಗಿ ಒಂದು ಪರದೆಯ ಹಿಂದೆ ನಿಂತುಬಿಟ್ಟಿದ್ದಳು. ಭಾವ ಮಾತ್ರ ನಿಧಾನವಾಗಿ ಎದ್ದು, ಕೈ ಇಡುವಲ್ಲಿ ಒಂದು ಬೆರಳು ಎತ್ತರ ಸಾಲದು, ಕಂಪನಿಗೆ ತಿಳಿಸಿ ಎಂದು ಮ್ಯಾನೇಜರನಿಗೆ ಹೇಳಿ ಹೊರಬಂದರು.

ಹಾಗೆಂದು ಕುದುರೆ ಗೊತ್ತಿಲ್ಲದ ಮನುಷ್ಯರೇ? ಅಲ್ಲ. ಅದೇ ನನ್ನ ಹೊಟ್ಟೆಯುರಿ! ಹುಡುಗ ಪ್ರಾಯದಲ್ಲಿ ಬೊಂಬಾಯಿಯ ರೇಸ್‌ಕೋರ್ಸಿನ ಹತ್ತಿರದ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದವರು. ಕುದುರೆ ನಡೆಯುವ ರೀತಿ ನೋಡಿ ಅದರ ಜಾತಕ ಹೇಳುತ್ತಾರೆ. ಚಳಿಗಾಲದ ಶುಕ್ರವಾರಗಳಲ್ಲಿ ಸಖೀರಿನ ಮೈದಾನದಲ್ಲಿ ರೇಸು ಇರುತ್ತದೆ. ಬೆಟ್ಟು ಇಲ್ಲ, ಬರೀ ನೋಡುವುದು. ನಾವೆಲ್ಲ ಫ್ಲಾಸ್ಕು, ಚಕ್ಕುಲಿ ಕಟ್ಟಿಕೊಂಡು ಹೋಗುತ್ತೇವೆ. ಒಂದು ಶುಕ್ರವಾರ ಭಾವ ಸಾಲಾಗಿ ನಾಲ್ಕು ರೇಸಿನಲ್ಲಿ ಗೆಲ್ಲುವ ಕುದುರೆಯನ್ನು ಮೊದಲೇ ಹೇಳಿದರು. ಪಕ್ಕದಲ್ಲಿದ್ದ ಪರಿಚಯದ ಪಠಾಣ್ ಟ್ಯಾಕ್ಸಿಯವನು ಬೆರಗಾಗಿ, ನೀವು ಲಂಡನಿನಲ್ಲಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಬಂಗಲೆ ಕಟ್ಟಿರುತ್ತಿದ್ದಿರಿ ಎಂದು ಹಿಂದಿಯಲ್ಲಿ ಹೇಳಿದ.

"ವಹಾಂ ಬೈಠ್ನೇ ಕಾ ಇಂತಜಾಮ್ ಠೀಕ್ ನಹೀಂ ಹೈ, ಖಾನ್ ಭಾಯಿ" ಎಂದರು ಭಾವ. ಅಲ್ಲಿ ಕೂರುವ ಏರ್ಪಾಡು ಸರಿಯಿಲ್ಲವಂತೆ!

ಇಷ್ಟು ಕೈಯಲ್ಲಿದ್ದೂ ಒಂದು ಸಲವಾದರೂ ಕಟ್ಟದ ಈ ಮನುಷ್ಯನಿಗೆ ಏನೆನ್ನಬೇಕು? ನಾನು ಪುಕ್ಕಲ ಅಂದೆ. ಮುಖದೆದುರು ಅಲ್ಲ, ಅಕ್ಕನ ಹತ್ತಿರ. ಅಕ್ಕ ನಕ್ಕು ಪಾತ್ರೆ ತೊಳೆಯಲು ಹೋದಳು.

ನಮ್ಮ ಮನೆಗೂ ಕುದುರೆಗೂ ಒಂದು ಹಳೆಯ ವೈರ ಇದೆ, ಅದನ್ನು ಹೇಳದಿದ್ದರೆ ಆಗದು. ನಮ್ಮ ಅಪ್ಪನೂ ಬೊಂಬಾಯಿಯಲ್ಲೇ ಇದ್ದವರು, ಅವರು ಮಾತ್ರ ಕೂರುವ ಜಾಗ ನೋಡಿದವರಲ್ಲ, ನಿಂತೇ ಆಡಿದರು. ಅಮ್ಮನ ಬಳೆಗಳು ಒಂದೊಂದಾಗಿ ಕುದುರೆ ಏರಿ ಹೋದವು. ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಆಮೇಲೆ ಅಮ್ಮ ಮನೆಯಲ್ಲಿ ಕುದುರೆಯ ಚಿತ್ರವನ್ನೂ ಇಡಗೊಡಲಿಲ್ಲ. ಒಂದು ವರ್ಷ ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರಿನಲ್ಲಿ ಸೂರ್ಯದೇವ ರಥದಲ್ಲಿ ಕೂತಿದ್ದ. ದೇವರನ್ನು ಎಸೆಯುವ ಹಾಗಿಲ್ಲ, ಕುದುರೆಗಳನ್ನು ನೋಡುವ ಹಾಗಿಲ್ಲ. ಅಮ್ಮ ಏಳು ಕುದುರೆಗಳ ಮೇಲೂ ಬಿಳಿ ಕಾಗದ ಅಂಟಿಸಿಬಿಟ್ಟಳು. ಆ ವರ್ಷವಿಡೀ ನಮ್ಮ ಮನೆಯ ಸೂರ್ಯ ಇದ್ದಲ್ಲೇ ಇದ್ದ.

ಅಂಥ ಮನೆಗೆ ಭಾವ ಹೆಣ್ಣು ನೋಡಲು ಬಂದು, ಹವ್ಯಾಸ ಏನೆಂದು ಕೇಳಿದ್ದಕ್ಕೆ ಕುದುರೆ ರೇಸು ಅಂದರು! ಉಪ್ಪಿಟ್ಟು ಮುಗಿಯುವ ಮೊದಲೇ ಸಂಬಂಧ ಮುರಿಯಿತು. ನಾನಾಗ ಪಿಯುಸಿಯಲ್ಲಿದ್ದೆ. ಎಂಟು ದಿನ ಬಿಟ್ಟು ಅವರು ಒಬ್ಬರೇ ಪುನಃ ಬಂದದ್ದು, ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನ ಹತ್ತಿರ ಏನೋ ಮಾತಾಡಿದ್ದು ನೆನಪಿದೆ. ಅಮ್ಮ ಒಪ್ಪಿದಳು. ಯಾಕೆ ಒಪ್ಪಿದಳೆಂದು ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ.

ಏಳು ವರ್ಷದ ಹಿಂದೆ ಅಮ್ಮ ಬಹ್ರೈನಿಗೆ ಬಂದಾಗ ಭಾವ ಅವಳನ್ನು ಸಖೀರಿಗೇ ಕರೆದುಕೊಂಡು ಹೋದರು. ಈವತ್ತು ಇವರ ಕಥೆ ಮುಗಿಯಿತು ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಅಮ್ಮ ಮಡಿಲಲ್ಲಿ ಫ್ಲಾಸ್ಕು ಹಿಡಿದುಕೊಂಡು ಕೂತು, ಇಲ್ಲಿ ದುಡ್ಡು ಕಟ್ಟುವುದು ಎಲ್ಲಿ ಎಂದು ಕೇಳಿದಳು. ಇಲ್ಲಿ ಆ ಕಿಟಕಿಯೇ ಇಲ್ಲ ಅತ್ತೆ ಎಂದರು ಭಾವ. ಅಮ್ಮ ಸುತ್ತಲೂ ಒಮ್ಮೆ ನೋಡಿ ಖಾತ್ರಿ ಮಾಡಿಕೊಂಡಳು. ಕುದುರೆಗಳು ಎದುರಿಗೆ ಹಾದುಹೋದಾಗ ಬಾಯಿಗೆ ಸೆರಗು ಹಿಡಿದು ನೋಡಿದಳು. "ಪಾಪ, ಇವಕ್ಕೆ ಎಂತ ಗೊತ್ತುಂಟು" ಅಂದಳು. ಆಮೇಲೆ ಎಲ್ಲರಿಗೂ ಚಹಾ ಬಗ್ಗಿಸಿದಳು. ಮೂರು ವರ್ಷದ ಹಿಂದೆ ಅವಳೂ ಹೋದಳು.

ಈ ಸಲ ರಜೆಗೆ ಊರಿಗೆ ಹೊರಟಾಗ ನಾನು ಒಂದು ಕುತಂತ್ರ ಮಾಡಿದೆ. ಅಕ್ಕ ಮಗಳೊಂದಿಗೆ ಮುಂಚೆಯೇ ಹೋಗಿದ್ದಳು. ನನ್ನ ಮತ್ತು ಭಾವನ ಟಿಕೆಟ್ಟನ್ನು ಬೇಕೆಂದೇ ಕೊಲಂಬೊ ಮೇಲೆ ಮಾಡಿಸಿದೆ. ಅಲ್ಲಿ ಒಂದು ಇಡೀ ದಿನ ಇಳಿದಿರಬೇಕು. ಅಲ್ಲಿನ ಒಂದು ಕ್ಯಾಸಿನೊದ ರೇಸ್‌ಬುಕ್ಕನ್ನು ಜನ ಬಾಯಿ ತುಂಬ ಹೊಗಳಿದ್ದನ್ನು ಓದಿ, ಭಾವನಿಗೆ ತೋರಿಸದೆ ಇಟ್ಟುಕೊಂಡಿದ್ದೆ. ಇಪ್ಪತ್ತೆರಡು ವರ್ಷಗಳ ಈ ನಾಟಕಕ್ಕೆ ಒಂದು ಮುಕ್ತಾಯ ಬೇಡವೇ? ಆಡಿದರೆ ಆಡಲಿ, ಇಲ್ಲವಾದರೆ ಪುಕ್ಕಲನೆಂದು ಒಪ್ಪಿಕೊಳ್ಳಲಿ!

ಸಂಜೆ ಇಬ್ಬರೂ ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋದೆವು. ಭಾವ ಬಾಗಿಲಲ್ಲೇ ನಿಂತು ಸೀಲಿಂಗ್ ನೋಡಿದರು. ಜೇಬಿನಿಂದ ಟಿಶ್ಯೂ ಕಾಗದದ ಒಂದು ಉದ್ದನೆಯ ಎಳೆ ತೆಗೆದು ಕೈಯೆತ್ತಿ ಹಿಡಿದರು. ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನೋಡುವ ಅವರ ಕಸುಬಿನ ಉಪಾಯ ಅದು. ಕುರ್ಚಿಯಿಂದ ಕುರ್ಚಿಗೆ ಆ ಎಳೆ ಹಿಡಿದು ನಡೆದರು. ಕಾವಲಿನವನು ಹಿಂದೆಯೇ ನಡೆದ. ನಾನು ಇವರು ಯಾರೋ ಎಂಬಂತೆ ಟಿವಿ ನೋಡಿದೆ. ಕೊನೆಗೆ ಎರಡನೆಯ ಸಾಲಿನ ಒಂದು ಕುರ್ಚಿಯಲ್ಲಿ ಕೂತರು. ಕಾಗದ ಅಲುಗಲಿಲ್ಲ. ಬೆನ್ನು ಸರಿಯಾಗಿ ಕೂತಿತು, ಕೈಗಳು ಎಲ್ಲಿ ಇರಬೇಕೋ ಅಲ್ಲಿದ್ದವು. ಸಿಗರೇಟಿನ ಹೊಗೆಯಿಲ್ಲ. ಕಕ್ಕಸು ಹದಿನೈದು ಹೆಜ್ಜೆ. ಚಹಾ ಬಂತು, ಪಿಂಗಾಣಿ ಕಪ್ಪಿನಲ್ಲಿ, ಸಾಸರ್ ಸಮೇತ.

ಭಾವನ ಮುಖ ಸಣ್ಣದಾಯಿತು. ಖುಷಿಯಾಗಬೇಕಾದವರು ದಿಕ್ಕು ತಪ್ಪಿದವರ ಹಾಗೆ ಆಚೀಚೆ ನೋಡಿದರು. ಗೋಡೆಯ ಟಿವಿಯಲ್ಲಿ ಇಂಗ್ಲೆಂಡಿನ ಯಾವುದೋ ಊರಿನ ಕುದುರೆಗಳು ರೇಸಿಗೆ ಮೊದಲು ಸುತ್ತು ಹೊಡೆಯುತ್ತಿದ್ದವು. ಆರನೆಯ ನಂಬರಿನ ಕೆಂಚು ಕುದುರೆಯ ಮೇಲೆ ಅವರ ಕಣ್ಣು ನಿಂತಿತು. ಅವರ ಉಸಿರು ಬದಲಾದದ್ದು ನನಗೆ ಗೊತ್ತಾಯಿತು. ಸಖೀರಿನಲ್ಲಿ ಹೀಗಾದಾಗಲೆಲ್ಲ ಆ ಕುದುರೆ ಗೆದ್ದಿದೆ.

ನಾನು ಓಡಿಹೋಗಿ ಬೆಟ್ಟು ಬರೆಯುವ ಚೀಟಿ, ಪೆನ್ನು ತಂದು ಅವರ ಮುಂದಿಟ್ಟೆ. ಗಾಳಿ ಸರಿ ಇದೆ, ಕುರ್ಚಿ ಸರಿ ಇದೆ, ಇನ್ನೇನು ಬಾಕಿ ಎಂದೆ. ಅವರು ಪೆನ್ನು ಹಿಡಿದರು. ಬರೆಯಲಿಲ್ಲ. ನನಗೆ ಅದೂ ನಗೆಯಾಗಿ ಕಂಡಿತು.

"ಧೈರ್ಯ ಇಲ್ಲ ಅಂತ ಹೇಳಿ ಭಾವ, ಮುಗೀತು" ಎಂದೆ.

"ಅತ್ತೆಗೆ ಮಾತು ಕೊಟ್ಟಿದ್ದೇನೆ" ಎಂದರು ಅವರು, ಟಿವಿಯಿಂದ ಕಣ್ಣು ತೆಗೆಯದೆ. "ಮದುವೆಗೆ ಮೊದಲು. ನೋಡುದು ಬಿಡ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ, ಆದ್ರೆ ದುಡ್ಡು ಕಟ್ಟುದಿಲ್ಲ ಅಂತ. ಎಲ್ಲಾದ್ರೂ ಒಳ್ಳೇ ಜಾಗ ಸಿಕ್ಕಿದ್ರೆ ಕೂತು ಬಿಟ್ಟೇನು ಅಂತ ಹೆದರಿಕೆ ಮಾರಾಯ. ಅದಕ್ಕೇ ಎಲ್ಲದರಲ್ಲೂ ಒಂದೊಂದು ಕೊರತೆ ಹುಡುಕಿ ಇಟ್ಕೊಳ್ಳುದು."

ನನ್ನ ನಾಲಿಗೆ ಅಲ್ಲಿಗಾದರೂ ಸುಮ್ಮನಿರಬೇಕಿತ್ತು. ಇರಲಿಲ್ಲ. ಅಮ್ಮ ಹೋಗಿ ಮೂರು ವರ್ಷ ಆಯ್ತಲ್ಲ ಭಾವ, ಈಗ ಯಾರು ಕೇಳ್ತಾರೆ ಎಂದುಬಿಟ್ಟೆ.

ಭಾವ ಪೆನ್ನನ್ನು ಚೀಟಿಯ ಮೇಲೆ ಇಟ್ಟರು.

"ಅತ್ತೆ ಇದ್ದಿದ್ರೆ ಒಂದು ವೇಳೆ ಆಡ್ತಿದ್ದೆನೋ ಏನೋ" ಎಂದರು. "ತಪ್ಪಾಯ್ತು ಅಂತ ಕಾಲು ಹಿಡೀಲಿಕ್ಕಿತ್ತು. ಬೈದು, ಕ್ಷಮಿಸ್ತಿದ್ರು. ಈಗ ತಪ್ಪಿದ್ರೆ ಯಾರ ಹತ್ರ ಹೋಗಿ ಕೇಳುದು?"

ಗೋಡೆಯ ಮೇಲೆ ರೇಸು ಶುರುವಾಗಿತ್ತು. ಯಾರೋ ಕೂಗುತ್ತಿದ್ದರು. ಆರನೆಯ ನಂಬರು ಗೆದ್ದಿತೋ ಸೋತಿತೋ ನಾನು ನೋಡಲಿಲ್ಲ. ಅಮ್ಮನ ಹೆಸರು ಹೇಳಿಕೊಂಡು ವರ್ಷಕ್ಕೊಮ್ಮೆ ತಿಥಿ ಮಾಡಿ ಕೈ ತೊಳೆದುಕೊಳ್ಳುವ ಮಗ ನಾನು. ಅವಳಿಗೆ ಕೊಟ್ಟ ಒಂದು ಮಾತನ್ನು ಇಪ್ಪತ್ತೆರಡು ವರ್ಷ ಕಾದುಕೊಂಡು ಬಂದವರನ್ನು ಪುಕ್ಕಲ ಎಂದು ಕರೆದ ಬಾಯಿ ನನ್ನದು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಭಾವ ಮೆಲ್ಲಗೆ ಆ ಟಿಶ್ಯೂ ಎಳೆಯನ್ನು ಮತ್ತೆ ಎತ್ತಿ ಹಿಡಿದರು. ಅದು ಕೂದಲೆಳೆಯಷ್ಟೂ ಅಲುಗದೆ ನೇರ ಕೆಳಗೆ ಇಳಿದಿತ್ತು. ಅವರು ಅದನ್ನು ನೋಡಿದರು, ನನ್ನನ್ನೂ ನೋಡಿದರು.

"ಗಾಳಿ ಸ್ವಲ್ಪ ನೆತ್ತಿಗೇ ಬೀಳ್ತದೆ ಅಲ್ವಾ?" ಎಂದು ಕೇಳಿದರು.

ನಾನು ಎದ್ದು ನಿಂತು ಅವರ ಚೀಲವನ್ನು ಹೆಗಲಿಗೆ ಹಾಕಿಕೊಂಡೆ.

"ಹೌದು ಭಾವ, ತುಂಬಾ ಬೀಳ್ತದೆ. ಬೇರೆ ಜಾಗ ನೋಡುವಾ."