ಪುಣ್ಯಾಹ ಮಾಡಿದ ಹತ್ತಿ

ನನ್ನ ದೊಡ್ಡತ್ತೆಗೆ ಗಾಳಿಯ ಮೇಲೆ ಹಗೆ ಇತ್ತು! ಕಡಲಗಾಳಿಯ ಮೇಲಲ್ಲ, ಕಾಪುವಿನಲ್ಲಿ ಇದ್ದುಕೊಂಡು ಅದರ ಜೊತೆ ಜಗಳವಾಡಿದರೆ ಬದುಕುವುದು ಹೇಗೆ? ಅವಳ ಹಗೆ ಏನಿದ್ದರೂ ಹತ್ತಿಯ ಒಳಗೆ ಹೊಕ್ಕು ಕೂತ ಗಾಳಿಯ ಮೇಲೆ.

ಅಪ್ಪನ ಅಕ್ಕ ಅವಳು. ಆಡುವ ವಯಸ್ಸಿನಲ್ಲಿ ಗಂಡನನ್ನೂ ತಲೆಗೂದಲನ್ನೂ ಒಟ್ಟಿಗೇ ಕಳೆದುಕೊಂಡು ತಮ್ಮನ ಮನೆಯ ಅಡುಗೆಕೋಣೆ ಸೇರಿದವಳು. ನಮ್ಮಲ್ಲಿ ಎಲ್ಲರೂ ಅವಳನ್ನು ದೇವರಂಥವಳು ಎನ್ನುತ್ತಿದ್ದರು. ಸಂಬಳ ಕೇಳುವುದಿಲ್ಲ, ಎದುರು ಮಾತಾಡುವುದಿಲ್ಲ, ಕರೆದಾಗ ಇರುತ್ತಾಳೆ ಎಂದು ಅದರ ಅರ್ಥ!

ಅರವತ್ತರ ದಶಕದ ಮೊದಲ ವರ್ಷಗಳು. ನೆರೆಮನೆಯ ಬಸುರಿಯ ಜೊತೆ ಕಾರ್ಕಳದ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಹೋದ ಅತ್ತೆ, ಅಲ್ಲಿ ಬಾಣಂತಿಯರು ಹಳೆ ಸೀರೆಯ ಒರಟು ತುಂಡು ಕಟ್ಟಿಕೊಂಡು ಒದ್ದಾಡುವುದನ್ನು ನೋಡಿ ಬಂದಳು. ಬಂದವಳೇ ಉಡುಪಿಯಿಂದ ಹತ್ತಿ ತರಿಸಿ, ಜಾಳು ಬಟ್ಟೆಯಲ್ಲಿ ಸುತ್ತಿ ಮೆತ್ತನೆಯ ಪಟ್ಟಿಗಳನ್ನು ಮಾಡತೊಡಗಿದಳು. ಮಾಡಿದ್ದೇನೋ ಸರಿ, ಕಾರ್ಕಳಕ್ಕೆ ಮುಟ್ಟಿಸಬೇಕಲ್ಲ! ಮೂಟೆಯಲ್ಲಿ ಹತ್ತಿಗಿಂತ ಗಾಳಿಯೇ ಹೆಚ್ಚು. ಕಂಡಕ್ಟರ್ ಕೈಮುಗಿದ. "ಅಮ್ಮಾ, ನೀವು ಬೇಕಾದ್ರೆ ಹತ್ತಿ. ಈ ಮೂಟೆಗೆ ಬೇರೆ ಬಸ್ಸು ಮಾಡಿ."

ಅಲ್ಲಿಂದ ಶುರುವಾಯಿತು ಯುದ್ಧ. ಮೊದಲು ಮೂಟೆಯ ಮೇಲೆ ಹಲಗೆ ಇಟ್ಟು ನನ್ನನ್ನು ಕುಣಿಸಿದಳು. ಹೈಸ್ಕೂಲಿಗೆ ಹೋಗುವ ಹುಡುಗಿ ನಾನು, ಮನಸಾರೆ ಕುಣಿದೆ. ಮೂಟೆ ಚಪ್ಪಟೆಯಾಗಿ ಬಸ್ಸೇನೋ ಹತ್ತಿತು. ಆಸ್ಪತ್ರೆಯ ಮೇಟ್ರನ್, ಎಲ್ಲರೂ ಬಾಯಿ ಎಂದು ಕರೆಯುವ ಕೊಂಕಣಿ ಮಾತಿನ ಕ್ರಿಶ್ಚಿಯನ್ ಹೆಂಗಸು, ಒಂದು ಪಟ್ಟಿಯನ್ನು ಎತ್ತಿ ಮೇಜಿಗೆ ಕುಟ್ಟಿದರಂತೆ. ಟಕ್ ಎಂದಿತಂತೆ! "ಎಂತ ಅಮ್ಮ ಇದು? ಹೆತ್ತ ಹೆಂಗಸಿಗೆ ಹಲಗೆ ಕೊಡ್ಲಿಕ್ಕುಂಟಾ?"

ಮುಂದಿನ ಸಲ ಕುಣಿತ ಬೇಡವೆಂದು ಅರೆಯುವ ಕಲ್ಲನ್ನು ಹೇರಿದಳು. ಪಟ್ಟಿಗಳು ಹಾಳಾಗಲಿಲ್ಲ, ಆದರೆ ಅವಕ್ಕೆಲ್ಲ ಮೆಣಸಿನ ಘಾಟು ಹತ್ತಿತು. ಅದನ್ನು ಬಾಣಂತಿ ಕಟ್ಟಿಕೊಂಡಿದ್ದರೆ ಏನಾಗುತ್ತಿತ್ತು? ನೀವೇ ಊಹಿಸಿಕೊಳ್ಳಿ!

ಕೊನೆಗೆ ಅವಳ ಕಣ್ಣು ಶ್ಯಾವಿಗೆ ಒತ್ತುವ ಮಣೆಯ ಮೇಲೆ ಬಿತ್ತು. ಹತ್ತಿಯನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಅಚ್ಚು ಇರುವ ಜಾಗದಲ್ಲಿ ಪಟ್ಟಿಗಳ ಕಟ್ಟು ಇಟ್ಟು, ಮೇಲಿನ ಉದ್ದದ ಹಿಡಿಯನ್ನು ಮೆಲ್ಲ ಒತ್ತುವುದು, ಸ್ವಲ್ಪ ಬಿಡುವುದು, ಪುನಃ ಒತ್ತುವುದು. "ಗಾಳಿಯನ್ನು ಓಡಿಸಬಾರದು ಮಾರಾಯ್ತಿ, ನೆಂಟರ ಹಾಗೆ ಕಳಿಸಿಕೊಡ್ಬೇಕು" ಎನ್ನುತ್ತಿದ್ದಳು. ಒತ್ತಿದ ಪಟ್ಟಿಯನ್ನು ಬಿಡಿಸಿ ಕೆನ್ನೆಗೆ ಇಟ್ಟು ನೋಡುವಳು. ಅದು ಮೆಲ್ಲ ಉಬ್ಬಿದರೆ ಅವಳ ಮುಖವೂ ಉಬ್ಬುತ್ತಿತ್ತು. ಹಾಗೆ ಒತ್ತಿದ ಸಣ್ಣ ಕಟ್ಟೊಂದು ಮೆತ್ತಗೇ ಮುಟ್ಟಿದ್ದು ನೋಡಿ ಮೇಟ್ರನ್ ಬಾಯಿ ಒಂದು ಮಾತು ಕೊಟ್ಟಿದ್ದರು. ಇನ್ನೊಂದು ದೊಡ್ಡ ಕಟ್ಟು ಹಾಳಾಗದೆ ಬಂದರೆ, ಅತ್ತೆ ಅಲ್ಲೇ ಇದ್ದು ಈ ಕೆಲಸ ಮಾಡಬಹುದು. ವಾರ್ಡಿನ ಹಿಂದೆ ಕೋಣೆಯುಂಟು, ಒಳಗಿನಿಂದ ಅಗಳಿ ಹಾಕಿಕೊಳ್ಳುವ ಬಾಗಿಲೂ ಉಂಟು. ಅತ್ತೆಯ ಕನಸಿಗೆ ಕೋಣೆಗಿಂತ ಹೆಚ್ಚಾಗಿ ಆ ಅಗಳಿಯೇ ಬರುತ್ತಿತ್ತು.

ಆ ದೊಡ್ಡ ಕಟ್ಟು ಮಣೆಯಲ್ಲಿ ಕೂತಿದ್ದ ದಿನವೇ ಅಪ್ಪ ನೋಡಿಬಿಟ್ಟರು! ನನ್ನ ಅಪ್ಪ ಕೆಟ್ಟವರಲ್ಲ, ಮಡಿವಂತರು. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಈವರೆಗೂ ಸರಿಯಾಗಿ ತಿಳಿದಿಲ್ಲ.

"ಮುಟ್ಟಿನ ಬಟ್ಟೆ! ಶ್ಯಾವಿಗೆ ಮಣೆಯಲ್ಲಿ!"

"ಹೊಸ ಹತ್ತಿ ಅದು. ಯಾರೂ ಮುಟ್ಟಿದ್ದಲ್ಲ" ಎಂದಳು ಅತ್ತೆ.

"ಮುಂದೆ ಮುಟ್ಟುತ್ತಾರಲ್ಲ!"

ಮುಂದೆ ಆಗಲಿರುವ ಮೈಲಿಗೆಗೆ ಇಂದೇ ಶುದ್ಧಿ! ಅಪ್ಪ ಮಂತ್ರ ಹೇಳಿ ಮಾವಿನೆಲೆಯಲ್ಲಿ ಪುಣ್ಯಾಹದ ನೀರು ಚಿಮುಕಿಸಿದರು. ಪಾಪ ದೊಡ್ಡದೆಂದು ತೋರಿತೋ ಏನೋ, ಕೊನೆಗೆ ತಂಬಿಗೆಯನ್ನೇ ಕವುಚಿದರು. ಒದ್ದೆಯಾದ ಹತ್ತಿ ಆ ಒತ್ತಡದಲ್ಲೇ ಬೆಳಗಿನವರೆಗೆ ಕೂತಿತು. ಅತ್ತೆ ಕಟ್ಟು ಬಿಚ್ಚಿ ಒಂದು ಪಟ್ಟಿಯನ್ನು ಕೆನ್ನೆಗೆ ಇಟ್ಟುಕೊಂಡಳು. ಅದು ಉಬ್ಬಲಿಲ್ಲ. ಅವಳು ಪಟ್ಟಿಯನ್ನು ಕಟ್ಟಿನ ಮೇಲೆ ಇಟ್ಟಳು. ಒಲೆ ಹಚ್ಚಲು ಹೋದಳು. ಅದನ್ನು ನೋಡಿ ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅತ್ತೆಯನ್ನು ಅದುವರೆಗೆ "ಹತ್ತಿ ಹುಚ್ಚು" ಎಂದು ನಗುತ್ತಿದ್ದ ನನ್ನ ಅಮ್ಮ ಒಂದು ಚಾಪೆ ಹಿಡಿದು ಹಿತ್ತಲಿನ ಜಗಲಿಗೆ ಹೋಗಿ ಕೂತಳು.

"ಎಂತ ಅದು?" ಎಂದರು ಅಪ್ಪ.

"ನಾನು ಹೊರಗೆ."

"ಮೊನ್ನೆ ಅಲ್ವಾ ಮುಗಿದದ್ದು?"

"ಪುನಃ ಬಂತು. ನೀವು ಬಂದು ನೋಡ್ತೀರಾ?"

ಅಪ್ಪ ಎರಡು ಹೆಜ್ಜೆ ಹಿಂದೆ ಸರಿದರು. ಅಮ್ಮ ನನ್ನತ್ತ ತಿರುಗಿ, "ನೀನೂ ಹೊರಗೆ. ಬಾ" ಎಂದಳು. ನನಗೆ ಎಂತದೂ ಆಗಿರಲಿಲ್ಲ. ಹೋದೆ! ಆಮೇಲೆ ಅಮ್ಮ ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದು ಎಳೆದು, ಹತ್ತಿಯ ಕಟ್ಟಿನ ಸಮೇತ ಕೂರಿಸಿಕೊಂಡಳು. ನಮ್ಮನ್ನು ಮುಟ್ಟಿದ ಮೇಲೆ ಅತ್ತೆಗೂ ಅಡುಗೆಕೋಣೆ ಇಲ್ಲ, ನಾವು ಮುಟ್ಟಿದ ಹತ್ತಿಯ ಹತ್ತಿರ ಅಪ್ಪನೂ ಬರುವಂತಿಲ್ಲ. ಶಾಸ್ತ್ರ ಮೊದಲ ಸಲ ನಮ್ಮ ಪಕ್ಷಕ್ಕೆ ಬಂದಿತ್ತು!

ಮೂರು ದಿನ ನಾವು ಪಟ್ಟಿಗಳನ್ನು ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹಾಕಿ, ಎಳೆ ಎಳೆಯಾಗಿ ಬೆರಳಿನಲ್ಲಿ ಬಿಡಿಸಿ, ಪುನಃ ಸುತ್ತಿದೆವು. ಮಣೆ ಒಳಗೆ ಶುದ್ಧವಾಗಿ ಕೂತಿತ್ತಲ್ಲ. ಹಾಗಾಗಿ ಹಲಗೆಯ ಮೇಲೆ ಮೂವರೂ ಮೆಲ್ಲ ಮೆಲ್ಲ ಕೂತು ಒತ್ತಿದೆವು. ಅಪ್ಪ ಬಾಗಿಲಿನ ಆಚೆಯಿಂದ ಕೂಗಿದರು. "ಅಕ್ಕಾ, ಗಂಜಿಗೆ ನೀರು ಎಷ್ಟು?"

"ಹತ್ತಿಗೆ ಹಾಕಿದಷ್ಟು ಬೇಡ" ಎಂದಳು ಅತ್ತೆ. ಅವಳು ತಮ್ಮನನ್ನು ಚುಚ್ಚಿ ಮಾತಾಡಿದ್ದು ಅದೇ ಮೊದಲು.

ನಾಲ್ಕನೆಯ ದಿನ ಸ್ನಾನ ಮಾಡಿ, ಕಟ್ಟು ಹಿಡಿದು ಬಸ್ಸಿಗೆ ಹೋದೆವು. ಅಪ್ಪ ಬರಲಿಲ್ಲ. ಅತ್ತೆ ಮೆಟ್ಟಿಲು ಹತ್ತಿ, ಎಲ್ಲರೂ ಹೇಳುವ ಹಾಗೆ, "ಹೋಗಿ ಬರ್ತೇನೆ" ಎಂದಳು. ಅದಕ್ಕೆ ಹೋಗಿ ಬನ್ನಿ ಎನ್ನುವುದು ನಮ್ಮ ಕ್ರಮ. ಬರೀ ಹೋಗಿ ಎನ್ನುವುದು ಅಪಶಕುನ.

"ಹೋಗಿ ಅಕ್ಕ. ಬರಬೇಡಿ" ಎಂದಳು ಅಮ್ಮ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಮ್ಮ ನನ್ನನ್ನು ಕರೆದುಕೊಂಡು ಪುನಃ ರಸ್ತೆಗೆ ಬಂದಳು. ಕಡೆಯ ಬಸ್ಸು ನಿಂತಿತು. ಮೀನಿನ ಬುಟ್ಟಿಯ ಹೆಂಗಸರು ಇಳಿದರು, ಬನ್ನಂಜೆಗೆ ಹೋಗಿದ್ದ ಮೇಷ್ಟ್ರು ಇಳಿದರು. ಅತ್ತೆ ಇಳಿಯಲಿಲ್ಲ. ಬಸ್ಸು ಹೊರಟುಹೋಯಿತು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾ ಅಳುತ್ತಾ ನನ್ನ ಭುಜ ಹಿಡಿದುಕೊಂಡಳು.

"ಹತ್ತಿ ಉಬ್ಬಿತು ಕಾಣ್ತದೆ ಮಗಾ!"