ಜಯಶೀಲನ ಉಬ್ಬಸಕ್ಕೆ ಪೂರ್ವತಯಾರಿ

ಡೊಂಬಿವಲಿಯ ಜಯಶೀಲ ಆ ಬೆಳಿಗ್ಗೆ ಎದ್ದಾಗ ಅವನ ಉಸಿರು ಎಣ್ಣೆ ಬಿಟ್ಟ ಬಾಗಿಲಿನಂತೆ ಸದ್ದಿಲ್ಲದೆ ಆಡುತ್ತಿತ್ತು. ಅವನಿಗೆ ಗಾಬರಿಯಾಯಿತು.

ವರ್ಷಗಳ ಅಸ್ತಮಾ ಅವನದು. ನವಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಹೊಸ ಇಂಜೆಕ್ಷನ್ನಿನ ಪ್ರಯೋಗ ನಡೆಯುತ್ತಿತ್ತು. ಆಯ್ಕೆಯಾದವರಿಗೆ ಪುಕ್ಕಟೆ, ಸೇರಲು ಇಂದೇ ಕೊನೆಯ ದಿನ. ಅಲ್ಲಿನ ಡಾಕ್ಟರ್ ಮಾನಸಿ ಹಿಂದಿನ ವಾರವೇ ವಿವರಿಸಿದ್ದರು: "ಇಂಟರ್‌ಲ್ಯೂಕಿನ್ ಅನ್ನೋ ಪ್ರೊಟೀನು ದೇಹದ ವಾಚ್‌ಮನ್ ಇದ್ದ ಹಾಗೆ. ನಿಮ್ಮವನಿಗೆ ತಲೆ ಕೆಟ್ಟಿದೆ. ಕೊರಿಯರ್‌ನವನು ಬಂದರೂ ಕಳ್ಳ ಅಂತ ಕೂಗ್ತಾನೆ. ರಕ್ತಕಣಗಳೆಲ್ಲ ದೊಣ್ಣೆ ಹಿಡಿದು ಓಡಿಬಂದು ಶ್ವಾಸನಾಳ ಊದಿಕೊಳ್ಳುತ್ತೆ. ಈ ಇಂಜೆಕ್ಷನ್ ಅವನ ಬಾಯಿ ಮುಚ್ಚಿಸುತ್ತೆ."

"ಇವತ್ತೇ ಉಬ್ಬಸ ಇಲ್ಲ ವಿನೋದಕ್ಕ!" ಜಯಶೀಲ ಪಕ್ಕದ ಮನೆಯಲ್ಲಿ ಗೋಳಾಡಿದ.

"ಡಾಕ್ಟ್ರ ಹತ್ರ ಹೋಗುವಾಗ ಕಾಯಿಲೆ ಅಡಗಿ ಕೂರುದು ಯಾವಾಗ್ಲೂ ಹೀಗೆಯೇ ಮಾರಾಯ. ನಿನ್ನನ್ನು ನೋಡಿ ಗಟ್ಟಿಮುಟ್ಟು ಇದ್ದಾನೆ ಅಂತ ಓಡಿಸ್ತಾರೆ. ಹೆದರ್ಬೇಡ, ನಾವು ಬರಿಸುವ."

ವಿನೋದಕ್ಕ ಹಳೇ ಹಾಸಿಗೆ ತಂದು ಅವನ ಮೂಗಿನ ಮುಂದೆಯೇ ಕೊಡವಿದಳು. ಒಂದು ಸೀನೂ ಬರಲಿಲ್ಲ.

ಕೆಳಗಿನ ಮನೆಯ ವಿಜಯಪುರದ ಅಮೃತಪ್ಪ ಸುದ್ದಿ ಕೇಳಿ ಉತ್ಸಾಹದಿಂದ ಮೇಲೇರಿ ಬಂದರು. "ಧೂಳಿಂದ ಏನಾಗ್ತೈತ್ರೀ? ಸರೀರೀ ಅತ್ಲಾಗ!" ಎಂದವರೇ ಕಾದ ಹಂಚಿಗೆ ಒಂದು ಬೊಗಸೆ ಒಣಮೆಣಸಿನಕಾಯಿ ಸುರಿದರು. ಇಡೀ ಬಿಲ್ಡಿಂಗ್ ಕೆಮ್ಮಿತು. ಸೊಸೈಟಿ ಸೆಕ್ರೆಟರಿ ಟವೆಲ್‌ನಲ್ಲೇ ಅಂಗಳಕ್ಕೆ ಓಡಿದರು.

"ಹ್ಯಾಂಗೈತ್ರೀ?" ಕಣ್ಣೊರೆಸುತ್ತ ಅಮೃತಪ್ಪ ಕೇಳಿದರು.

"ಹಾಯಾಗಿದೆ," ಎಂದ ಜಯಶೀಲ, ಅಳುವುದೊಂದು ಬಾಕಿ.

ಬಿಡುವ ಜನವೇ ಅಮೃತಪ್ಪ? ಜೊತೆಗೇ ಹೊರಟರು. ಲೋಕಲ್ ರೈಲಿನಲ್ಲಿ ಊದಬತ್ತಿ ಮಾರುವವನ ಚೀಲಕ್ಕೆ ಜಯಶೀಲನ ಮುಖ ಒತ್ತಿ ನಿಲ್ಲಿಸಿದರು. ಠಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬಯಿಯಲ್ಲಿ ಇಳಿದ ಮೇಲೆ, ಕಟ್ಟುತ್ತಿದ್ದ ಟವರೊಂದರ ಸಿಮೆಂಟಿನ ಮೋಡದೊಳಗೆ ಎರಡು ಸಲ ಓಡಾಡಿಸಿದರು.

ಆಸ್ಪತ್ರೆಯ ಗೇಟಿನಲ್ಲಿ ಅವನ ಎದೆಯೊಳಗಿಂದ ಕುಕ್ಕರಿನಂಥ ಸಿಳ್ಳೆಯೊಂದು ಎದ್ದಿತು.

"ಬಂತು! ಬಂತ್ರೀ!" ಅಮೃತಪ್ಪ ಕುಣಿದರು. ಉಸಿರಿಗೆ ಒದ್ದಾಡುತ್ತಲೇ ಜಯಶೀಲ ಎರಡೂ ಹೆಬ್ಬೆರಳು ಎತ್ತಿ ತೋರಿಸಿದ. ದಾರಿಹೋಕರೊಬ್ಬರು ಅಭಿನಂದನೆಯನ್ನೂ ಹೇಳಿದರು.

ಮಾನಸಿ ಓಡಿಬಂದು ಅವನ ಮುಖಕ್ಕೆ ಔಷಧದ ಮಾಸ್ಕ್ ಹಾಕಿದರು. "ಏನಾಯ್ತು? ಇವತ್ತು ಧೂಳು, ಹೊಗೆ ಏನಾದ್ರೂ ತಗುಲಿತ್ತಾ?"

ಅಮೃತಪ್ಪ ಎದೆಯುಬ್ಬಿಸಿದರು. "ಒಂದೂ ಬಿಟ್ಟಿಲ್ರೀ ಡಾಕ್ಟರ! ಗಾದಿ ಧೂಳು, ಮೆಣಸಿನಕಾಯಿ ಘಾಟು, ಊದಬತ್ತಿ, ಸಿಮೆಂಟು, ಎಲ್ಲಾ ಕೊಟ್ಟೀವಿ. ಇನ್ನ ತಗೋರಿ ಇವರನ್ನ!"

ಮಾನಸಿ ತಲೆಯ ಮೇಲೆ ಕೈಯಿಟ್ಟುಕೊಂಡರು. "ಅರೇ ದೇವಾ! ಈಗಷ್ಟೇ ಅಟ್ಯಾಕ್ ಆದವರನ್ನು ಸೇರಿಸೋ ಹಾಗಿಲ್ಲ, ಅದು ನಿಯಮ. ಹೋದ ವಾರದ ರಕ್ತ ಪರೀಕ್ಷೆಯಲ್ಲೇ ಇವರು ಪಾಸಾಗಿದ್ರು. ಇವತ್ತು ಸುಮ್ಮನೆ ಬಂದು ಒಂದು ಸಹಿ ಹಾಕಿದ್ದರೆ ಸಾಕಿತ್ತು!"

ಜಯಶೀಲ ಮೆಲ್ಲಗೆ ಅಮೃತಪ್ಪನವರತ್ತ ತಿರುಗಿದ. ಹೇಳಬೇಕಾದ ಮಾತು ಬಾಯಿತುಂಬ ಇತ್ತು, ಆಡುವಷ್ಟು ಉಸಿರಿರಲಿಲ್ಲ.